ಕೇಳದೆ ಹೊಡೆದ ಏಟು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾವು ತಾವರಗೇರಾ ಹತ್ತಿರದ ಒಂದು ಹಳ್ಳಿಯಲ್ಲಿದ್ದೆವು. ಅಪ್ಪ ಮಿಷನ್ ಸಾಲಿಯ ಮಾಸ್ತರ. ಊರಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಸಾಲಿ ನಡೆಯುತ್ತಿದ್ದುದು ಗೌಡರು ಬಿಟ್ಟುಕೊಟ್ಟ ಪಡಸಾಲೆಯಲ್ಲಿ.

ಅಪ್ಪ ಬಿಗಿ ಮನುಷ್ಯ. ದೀಪ ಹಚ್ಚಿದ ಮೇಲೆ ಪ್ರಾರ್ಥನೆ, ಅದಾದ ಮೇಲೆಯೇ ಊಟ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಿಜ ಬಾಯಿಗೆ ಬರುವತನಕ ರೊಟ್ಟಿ ಮುಟ್ಟುವಂತಿರಲಿಲ್ಲ. ಆದರೆ ಕೈ ಎತ್ತುತ್ತಿರಲಿಲ್ಲ. ಸಿಟ್ಟು ಬಂದರೆ ಹಿತ್ತಲಿಗೆ ಹೋಗಿ, ಮುಖ ತೊಳೆದುಕೊಂಡು ಬಂದು, ಎದುರು ಕೂತು, ಏನಾಯಿತೆಂದು ನಮ್ಮಿಂದಲೇ ಹೇಳಿಸುತ್ತಿದ್ದ.

ಊರ ಬಾವಿಯ ಮೆಟ್ಟಿಲು ಇಳಿಯಲು ನಮ್ಮನ್ನು ಬಿಡುತ್ತಿರಲಿಲ್ಲ. ದೂರ ನಿಂತರೆ ಯಾರಾದರೂ ಮನಸ್ಸು ಮಾಡಿ ನಮ್ಮ ಕೊಡಕ್ಕೆ ನೀರು ಸುರಿಯಬೇಕು. ಒಂದು ಬೇಸಿಗೆ ಅಕ್ಕ ಹಾಗೆ ಕಾಯುತ್ತ ನಿಂತಾಗ, ಮೆಟ್ಟಿಲ ಮೇಲೆ ಆಡುತ್ತಿದ್ದ ಪುಟ್ಟ ಹುಡುಗನೊಬ್ಬ ಜಾರಿ ನೀರಿಗೆ ಬಿದ್ದ. ಹೆಂಗಸರು ಚೀರಿಕೊಂಡರು. ಅಕ್ಕ ಕೊಡ ಬಿಸುಟು ಓಡಿಹೋಗಿ, ನೀರಿಗಿಳಿದು, ಅವನ ಜುಟ್ಟು ಹಿಡಿದು ಮೇಲಕ್ಕೆ ಎಳೆದು ಹಾಕಿದಳು.

ಮಗು ಉಳಿಯಿತು. ಆದರೆ ಚಾವಡಿಗೆ ಮುಟ್ಟಿದ ಸುದ್ದಿಯೇ ಬೇರೆ: ಮಾಸ್ತರನ ಮಗಳು ಬಾವಿಗಿಳಿದು ನೀರು ಕೆಡಿಸಿದಳು. ಅಪ್ಪನನ್ನು ಕರೆಸಿದರು. ಸಾಲಿ ಕಿತ್ತುಹಾಕಿ ಎಂದು ಕೆಲವರು ಕೂಗಾಡುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಕೇಳಲಿಲ್ಲ. ಕೆನ್ನೆಗೆ ಒಂದು ಬಿಗಿದ. ಮಂದಿಗೆ ಸಮಾಧಾನವಾಯಿತು, ಚದುರಿದರು.

ಅಕ್ಕ ಅಳಲಿಲ್ಲ, ಉಣ್ಣಲೂ ಇಲ್ಲ. ಹೊತ್ತು ಮುಳುಗುವಾಗ ಆ ಹುಡುಗನ ತಾಯಿ ಮಗನನ್ನು ಬಗಲಲ್ಲೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಹೊಲದಿಂದ ಬಂದಮೇಲೆ ಅವಳಿಗೆ ಗೊತ್ತಾಗಿತ್ತು. ನಿಮ್ಮ ಮಗಳು ಇರದಿದ್ದರೆ ಇವನು ಇರುತ್ತಿರಲಿಲ್ಲ ಎಂದು ಅತ್ತಳು. ಅಪ್ಪ ಗೋಡೆ ಹಿಡಿದು ನಿಂತ.

ಅಂದು ಪ್ರಾರ್ಥನೆಗೆ ಕೂತಾಗ ಅವನಿಗೆ ಬೈಬಲ್ ವಾಕ್ಯ ಓದಲಾಗಲಿಲ್ಲ. ಅಕ್ಕನ ಎದುರು ನೆಲಕ್ಕೆ ಸರಿದು ಕೂತ.

"ಕೇಳದ ಹೊಡದೆ. ಸಾಲಿ ಹೋದೀತು ಅಂತ ಅಂಜಿ ಹೊಡದೆ. ತಪ್ಪಾತವ್ವಾ, ನನ್ನ ಕ್ಷಮಿಸು."

ಅಕ್ಕ ತಲೆ ಎತ್ತದೆ ಹೇಳಿದಳು: "ಹೊಡದದ್ದು ಮಂದಿ ಮುಂದ. ತಪ್ಪಾತು ಅನ್ನೂದು ಮನಿ ಒಳಗೇನು?"

ಅವ್ವ ಗದರಿಸಲು ಹೋದಳು. ಅಪ್ಪ ತಡೆದ. "ಆಕಿ ಹೇಳೂದು ಖರೆ ಐತಿ" ಎಂದ.

ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆದುಕೊಂಡು ಚಾವಡಿಗೆ ಹೋದ. ನಿನ್ನೆ ಸೇರಿದ್ದವರಲ್ಲಿ ಬಹಳ ಜನ ಅಲ್ಲಿದ್ದರು. ಅಪ್ಪ ಗೌಡರಿಗೆ ಕೈಮುಗಿದು, "ನನ್ನ ಮಗಳು ಒಂದು ಜೀವ ಉಳಿಸ್ಯಾಳ್ರಿ. ನಿನ್ನೆ ಆಕಿಗೆ ಹೊಡದದ್ದು ನನ್ನ ತಪ್ಪು. ಇದನ್ನ ನಿಮ್ಮೆಲ್ಲರ ಮುಂದ ಹೇಳಬೇಕಾಗಿತ್ತು" ಎಂದ.

ಗೌಡರು ಅಕ್ಕನನ್ನೇ ನೋಡುತ್ತಿದ್ದರು. ಕಡೆಗೆ, ಬಾವಿಯ ರೂಢಿ ಬಿಡಲಾಗುವುದಿಲ್ಲ, ಸಾಲಿ ಮಾತ್ರ ನಡೆಯಲಿ ಎಂದರು. ಆದರೂ ಕೆಲವು ಮನೆಯವರು, ಆ ಹುಡುಗನ ಮನೆಯವರೂ ಸೇರಿ, ಮಕ್ಕಳನ್ನು ಕಳಿಸುವುದು ಬಿಟ್ಟರು. ಅವರಲ್ಲಿ ಮೊದಲು ತಿರುಗಿ ಬಂದವಳು ಆ ತಾಯಿ, ತನ್ನ ದೊಡ್ಡ ಮಗನ ಕೈಹಿಡಿದು.

ಇಷ್ಟಾದರೂ ಅಕ್ಕ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪನೂ ಒತ್ತಾಯ ಮಾಡಲಿಲ್ಲ, ದಿನವೂ ಅವಳು ಬರೆಯುವ ಪಾಟಿ ಒರೆಸಿ ಪಕ್ಕದಲ್ಲಿಡುತ್ತಿದ್ದ. ಅವ್ವ ತಳಮಳಿಸಿದಾಗ, ಸಿಟ್ಟು ಇಳಿಯಲು ಅವಳಿಗೂ ಹೊತ್ತು ಬೇಕಲ್ಲ ಎಂದನಂತೆ.

ಒಂದು ಸಂಜೆ ಪ್ರಾರ್ಥನೆ ಮಾಡುವ ಸರದಿ ಅಕ್ಕನದಾಯಿತು. ಅವ್ವನನ್ನು, ನನ್ನನ್ನು, ಆ ಪುಟ್ಟ ಹುಡುಗನನ್ನು ಕಾಪಾಡು ಎಂದು ಬೇಡಿದಳು. ಸ್ವಲ್ಪ ತಡೆದು, "ಅಪ್ಪನ್ನೂ ಕಾಪಾಡು ಕರ್ತನೇ" ಎಂದಳು. ನಾವೆಲ್ಲ ಆಮೆನ್ ಹೇಳಿ ಕಣ್ಣು ತೆರೆದರೂ ಅಪ್ಪ ತೆರೆಯಲಿಲ್ಲ. ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. ರೊಟ್ಟಿ ಆರುತ್ತಿದ್ದರೂ ಅವ್ವ ಯಾರನ್ನೂ ಊಟಕ್ಕೆ ಎಬ್ಬಿಸಲಿಲ್ಲ.