ಮಿಸ್ತ್ರಿ ತೂಗುಹಾಕಿದ ಪಿಸ್ಟನ್

ಹಳೆಯ ಇಂಜಿನ್ ಎಣ್ಣೆಯ ವಾಸನೆ ಒಮ್ಮೆ ಹತ್ತಿತೆಂದರೆ ಹೋಗುವುದಿಲ್ಲ. ಹೋದ ವಾರ ರಂಗಂಪೇಟೆಯಿಂದ ತಂದ ಗಂಟು ಬಿಚ್ಚಿದಾಗಿನಿಂದ ನಮ್ಮ ಪಡಸಾಲೆಯಲ್ಲೆಲ್ಲ ಅದೇ ವಾಸನೆ. ಗಂಟಿನಲ್ಲಿದ್ದುದು ಒಂದು ಪಿಸ್ಟನ್, ಮೈಯೆಲ್ಲ ಗೀಚಿಹೋದದ್ದು. ಅದಕ್ಕೊಂದು ರಟ್ಟಿನ ಚೀಟಿ ದಾರದಲ್ಲಿ ಕಟ್ಟಿದೆ. ಈ ಹೊಲಸನ್ನು ಹೊರಗಿಡಿ ಎಂದು ಹೆಂಡತಿ ಎರಡು ಸಲ ಹೇಳಿದಳು. ಇಟ್ಟಿಲ್ಲ.

ಅದನ್ನು ಮಾಡಿದವರು ಮಿಸ್ತ್ರಿ. ಸುರಪುರದಿಂದ ರಂಗಂಪೇಟೆಗೆ ಹೋಗುವ ದಾರಿಯಲ್ಲಿ ಅವರದೊಂದು ತಗಡಿನ ಶೆಡ್ಡು, ಒಳಗೆ ಒಂದೇ ಒಂದು ಲೇತ್ ಮಷಿನ್. ನನ್ನಪ್ಪ ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದಾಗ ಕೊಂಡ ಮೋಟಾರ್ ಸೈಕಲ್ ನನ್ನ ಪಾಲಿಗೆ ಬಂದಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು, ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಅಂಥ ಗಾಡಿಗಳ ಮೇಲೆ ಜೀವ ಇಟ್ಟುಕೊಂಡ ನನ್ನಂಥ ಹುಚ್ಚರು ಶಹಾಪುರದಲ್ಲೂ ಇದ್ದರು, ಯಾದಗಿರಿಯಲ್ಲೂ ಇದ್ದರು. ಊರೆಲ್ಲ ಸುತ್ತಿ ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದುದು ಆ ಶೆಡ್ಡಿನ ಮುಂದೆಯೇ.

ಮಿಸ್ತ್ರಿ ಇದ್ದದ್ದನ್ನು ನೋಡಿ ಇದ್ದ ಹಾಗೇ ಮಾಡಿಕೊಡುವವರಲ್ಲ. ಕಂಪನಿಯವರು ಈ ಗಾಡಿ ಮಾಡಿದ್ದು ತಂಪು ಊರಲ್ಲಿ ಕೂತು, ನಮ್ಮ ಬಿಸಿಲು ಅವರಿಗೇನು ಗೊತ್ತು ಎನ್ನುತ್ತಿದ್ದರು. ಲಾರಿಯ ಹಳೆಯ ಪಿಸ್ಟನ್‌ಗಳನ್ನು ಕರಗಿಸಿ ಎರಕ ಹೊಯ್ಯಿಸಿಕೊಂಡು ಬಂದು, ಲೇತಿಗೆ ಕಟ್ಟಿ, ಬಿಸಿಗೆ ಉಬ್ಬಲು ಜಾಗವಿರಲೆಂದು ಕಂಪನಿಯ ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಕಡೆಯುತ್ತಿದ್ದರು. ಎಣ್ಣೆ ಇಳಿಯಲು ತಾವೇ ಲೆಕ್ಕ ಹಾಕಿ ಸಣ್ಣ ತೂತು ಕೊರೆಯುತ್ತಿದ್ದರು. ಅವರ ಪಿಸ್ಟನ್ ಹಾಕಿದ ಗಾಡಿ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಕೆಮ್ಮದೆ ಓಡುತ್ತಿತ್ತು.

ಅವರದೊಂದು ಕಟ್ಟುನಿಟ್ಟು ಇತ್ತು. ಹಾಳಾದ ಹಳೆಯ ಭಾಗವನ್ನು ಅವರಿಗೆ ಬಿಟ್ಟುಕೊಡದೆ ಹೊಸದನ್ನು ಯಾರಿಗೂ ಕೊಡುತ್ತಿರಲಿಲ್ಲ. ಅದನ್ನು ಭೂತಗನ್ನಡಿಯಲ್ಲಿ ದಿನಗಟ್ಟಲೆ ನೋಡಿ, ಯಾಕೆ ಸತ್ತಿತು ಎಂಬುದನ್ನು ಚೀಟಿಯಲ್ಲಿ ಬರೆದು, ಗೋಡೆಯ ತಂತಿಗೆ ತೂಗುಹಾಕುತ್ತಿದ್ದರು. ‘ಎಣ್ಣಿ ಒಣಗ್ಯಾದ’, ‘ಧೂಳು ಹೊಕ್ಕಾದ’... ಇಂಥವೇ ಚೀಟಿಗಳು. ಕಾರಣ ಸಿಗದ ಪಿಸ್ಟನ್ ಒಂದೂ ಆ ತಂತಿಯ ಮೇಲೆ ಇರಲಿಲ್ಲ.

ನನ್ನ ಗಾಡಿಗೆ ಹೊಸ ಪಿಸ್ಟನ್ ಕೂರಿಸಿಕೊಟ್ಟ ದಿನ ಒಂದೇ ಮಾತನ್ನು ಮೂರು ಸಲ ಹೇಳಿದ್ದರು. “ಮಾಸ್ತರ್ರ, ಮೊದಲ ಐನೂರು ಕಿಲೋಮೀಟರ್ ನಲವತ್ತು ದಾಟಬ್ಯಾಡ್ರಿ. ಹೊಸಾದು ಇನ್ನಾ ಸಿಲಿಂಡರಿಗೆ ಹೊಂದಿಕೊಂಡಿಲ್ಲ. ಜೋರ್ ಹೊಡದ್ರ ಉಬ್ಬಿ ಹಿಡಕೋತದ.”

ಆಯಿತು ಎಂದೆ. ಸಾಲಿಯಲ್ಲಿ ಮಕ್ಕಳಿಗೆ ಹೇಳಿದ ಮಾತು ಕೇಳಿ ಎಂದು ಬೆತ್ತ ತೋರಿಸುವವನು ನಾನು!

ನಾಲ್ಕನೆಯ ದಿನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಶಹಾಪುರದಿಂದ ಶಿರವಾಳದ ಕಡೆ ಹೊರಟಿದ್ದೆ. ಹೊಸ ಗಾಡಿಯವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ ನಕ್ಕ. ಅಷ್ಟೇ ಆದದ್ದು. ಬರೀ ಒಂದು ನಗು. ನನಗೆ ಎಲ್ಲಿತ್ತೋ ರೋಷ, ಹಿಡಿಯನ್ನು ತಿರುವಿಬಿಟ್ಟೆ. ಅರವತ್ತು, ಎಪ್ಪತ್ತು, ಎಂಬತ್ತು... ತಮ್ಮ ಹಿಂದಿನಿಂದ ನಿಧಾನ, ನಿಧಾನ ಎನ್ನುತ್ತಿದ್ದ. ಒಮ್ಮೆಲೇ ಇಂಜಿನ್ ಹಿಡಿದುಕೊಂಡಿತು, ಹಿಂದಿನ ಗಾಲಿ ನಿಂತೇಹೋಯಿತು. ನನಗೆ ಮೊಣಕೈ ತರಚಿತು. ತಮ್ಮನ ಬಲಗಾಲಿನ ಮೇಲೆ ಗಾಡಿ ಬಿತ್ತು, ಎಲುಬು ಪುಡಿಯಾಯಿತು.

ಸುದ್ದಿ ಕೇಳಿ ಮಿಸ್ತ್ರಿ ಅವತ್ತೇ ಆಸ್ಪತ್ರೆಗೆ ಬಂದರು. ಕೈಯ ಕರಿ ಕೂಡ ತೊಳೆದಿರಲಿಲ್ಲ. ಮಂಚದ ಹತ್ತಿರ ನಿಂತು ತಮ್ಮನ ಕಾಲನ್ನು ಬಹಳ ಹೊತ್ತು ನೋಡಿದರು. ನನ್ನ ಪಕ್ಕದಲ್ಲಿ ಅವ್ವ ಕೂತಿದ್ದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

“ಎಷ್ಟರಾಗ ಹೊಂಟಿದ್ರಿ, ಮಾಸ್ತರ್ರ?” ಎಂದು ಕೇಳಿದರು.

ನಿನ್ನ ಮಗನನ್ನು ಕುಂಟನನ್ನಾಗಿ ಮಾಡಿದವನು ನಾನೇ ಎಂದು ಅವ್ವನ ಮುಂದೆ ಹೇಗೆ ಹೇಳಲಿ? “ನಲವತ್ತು” ಎಂದೆ. ತಮ್ಮ ಗೋಡೆಯ ಕಡೆ ಮುಖ ತಿರುಗಿಸಿದ. ಅವನು ಇವತ್ತಿನವರೆಗೂ ಆ ಮಾತು ಎತ್ತಿಲ್ಲ.

ಎಂಟು ದಿನ ಬಿಟ್ಟು ಶೆಡ್ಡಿಗೆ ಹೋದೆ, ನಿಜ ಹೇಳಬೇಕೆಂದೇ ಹೋದೆ. ಮಿಸ್ತ್ರಿ ಗಾಡಿಯನ್ನು ತರಿಸಿ ಬಿಚ್ಚಿದ್ದರು, ನನ್ನ ಪಿಸ್ಟನ್ ಹಿಡಿದು ಬೆಳಕಿಗೆ ಕೂತಿದ್ದರು. “ಪಿಸ್ಟನ್ ಬಿಗಿ ಇದ್ರೂ ಗೀರು ಹಿಂಗ ಬೀಳ್ತಾವ, ಜೋರ್ ಹೊಡದ್ರೂ ಹಿಂಗ ಬೀಳ್ತಾವ. ನೀವು ಜೋರ್ ಹೊಡದಿಲ್ಲ. ಅಂದ್ರ ನನ್ನ ಕೈನೇ ತಪ್ಪೇದ” ಎಂದರು. ಚಹಾ ತರಿಸಿದರು. ಕುಡಿದು, ನಿಜ ಹೇಳದೆಯೇ ಎದ್ದು ಬಂದೆ. ಥೂ, ಆ ಚಹಾ ಹೇಗೆ ಇಳಿಯಿತೋ ಗಂಟಲಲ್ಲಿ...

ಆಮೇಲೆ ಅವರು ಮಾಡಿದ್ದು ಯಾರೂ ಮಾಡದ ಕೆಲಸ. ತಾವು ಪಿಸ್ಟನ್ ಹಾಕಿಕೊಟ್ಟ ಪ್ರತಿಯೊಬ್ಬರ ಮನೆಗೂ ಹೋದರು. ಗಾಡಿ ಓಡಿಸಬೇಡಿ ಎಂದು ಕೈಮುಗಿದರು, ಚೆನ್ನಾಗಿ ಓಡುತ್ತಿದ್ದ ಇಂಜಿನ್‌ಗಳನ್ನು ಬಿಚ್ಚಿ ತಮ್ಮ ಪಿಸ್ಟನ್ ವಾಪಸು ತಂದರು. ಯಾದಗಿರಿಯ ಒಬ್ಬ ಬಾಯಿಗೆ ಬಂದಂತೆ ಬೈದನಂತೆ, ಅದನ್ನೂ ಹೊಟ್ಟೆಗೆ ಹಾಕಿಕೊಂಡರು. ತಂದ ಪಿಸ್ಟನ್‌ಗಳನ್ನೆಲ್ಲ ಮತ್ತೆ ಮತ್ತೆ ಅಳೆದರಂತೆ, ಎಲ್ಲವೂ ಸರಿಯಾಗಿಯೇ ಇದ್ದವು. ಆದರೂ ಗಾಡಿಯ ಸಾಮಾನು ಮಾಡುವುದನ್ನೇ ಬಿಟ್ಟರು. ಟ್ರ್ಯಾಕ್ಟರಿನ ಪಿನ್ನು, ಬಾಗಿಲಿನ ಬಿಜಾಗರಿ ಎಂದು ಸಿಕ್ಕಿದ್ದು ಮಾಡಿಕೊಂಡಿದ್ದರು. ನಾನು ಸುರಪುರದ ಸಾಲಿಯಿಂದ ಶಹಾಪುರಕ್ಕೆ ವರ್ಗ ಮಾಡಿಸಿಕೊಂಡೆ. ಶೆಡ್ಡಿನ ದಾರಿಯಲ್ಲಿ ಹೋಗುವುದನ್ನೇ ತಪ್ಪಿಸಿದೆ, ವರ್ಷಗಳ ಕಾಲ.

ಹೋದ ಮಳೆಗಾಲದಲ್ಲಿ ಮಿಸ್ತ್ರಿ ತೀರಿಕೊಂಡರು. ಮಣ್ಣಿಗೂ ಹೋಗಲಿಲ್ಲ ನಾನು. ಹೋದ ವಾರ ಅವರ ಹೆಂಡತಿ ಹೇಳಿಕಳಿಸಿದ್ದರು, ಶೆಡ್ಡು ಖಾಲಿ ಮಾಡುತ್ತಿದ್ದೇವೆ, ಬಂದು ಹೋಗಿ ಎಂದು. ಹೋದೆ. ಗೋಡೆಯ ತಂತಿ ಬರಿದಾಗಿತ್ತು, ಒಂದೇ ಒಂದು ಪಿಸ್ಟನ್ ಉಳಿದಿತ್ತು. ಬೇರೆ ಯಾವುದನ್ನಾದರೂ ಗುಜರಿಗೆ ಹಾಕು, ಇದು ಮಾಸ್ತರರದು ಎಂದು ಮಿಸ್ತ್ರಿ ಹೇಳಿದ್ದರಂತೆ.

“ನನಗ ಓದಾಕ ಬರಂಗಿಲ್ರಿ. ಸಾಯೂತನಕ ಅದನ್ನೇ ನೋಡಾಕತ್ತಿದ್ರು. ಏನ್ ಬರದಾರ, ಸ್ವಲ್ಪ ಓದ್ರಿ” ಎಂದರು ಆಕೆ.

ಓದಿದೆ. ‘ನಲವತ್ತರಾಗ ಹೋಗ್ಯಾರ. ಅಳತಿ ಸರಿ ಅದ. ಯಾಕ ಹಿಡೀತೋ ತಿಳೀಲಿಲ್ಲ.’

ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ನಲವತ್ತಲ್ಲ ಅಕ್ಕಾ, ಎಂಬತ್ತರ ಮೇಲೆ ಹೋಗಿದ್ದೆ, ಸುಳ್ಳು ಹೇಳಿದೆ ಎಂದೆ. ಅತ್ತುಬಿಟ್ಟೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಪಿಸ್ಟನ್ನನ್ನು ತಂತಿಯಿಂದ ಬಿಡಿಸಿ, ಹಳೆಯ ಅರಿವೆಯಲ್ಲಿ ಗಂಟು ಕಟ್ಟಿ ನನ್ನ ಮುಂದೆ ಇಟ್ಟರು.

“ನನಗ್ಯಾಕ ಹೇಳಾಕತ್ತೀರಿ ಈಗ? ಅವರಿಗೆ ಹೇಳಬೇಕಿತ್ತು.”

ಈಗ ಪಿಸ್ಟನ್, ಚೀಟಿ ಎರಡೂ ಪಡಸಾಲೆಯ ಮೇಜಿನ ಮೇಲಿವೆ. ನಿನ್ನೆ ಪೆನ್ನು ತೆಗೆದುಕೊಂಡು, ಅವರ ‘ನಲವತ್ತ’ನ್ನು ಹೊಡೆದುಹಾಕಿ ‘ಎಂಬತ್ತು’ ಎಂದು ಬರೆದೆ. ಓದಬೇಕಾದವರು ಇಲ್ಲ.