ಕಣ್ಣು ಕಟ್ಟಿಕೊಂಡ ವಸ್ತಾದ

ಬನಹಟ್ಟಿಯ ಜಕ್ಕಪ್ಪನನ್ನು ನಾನು ಬಹಳ ದಿನ ಪುಂಡನೆಂದೇ ತಿಳಿದಿದ್ದೆ. ಒಂದು ವಾರ ಹುಬ್ಬು ಒಡೆದಿರುತ್ತಿತ್ತು, ಇನ್ನೊಂದು ವಾರ ತುಟಿ. ಎದುರಾದರೆ ನಾನು ಪಕ್ಕದ ಓಣಿ ಹಿಡಿಯುತ್ತಿದ್ದೆ. ಅವನು ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ, ಅವನನ್ನು ಬಡಿಯುವವರು ಅವನ ಶಿಷ್ಯರೇ ಎಂದು ಆಮೇಲೆ ತಿಳಿಯಿತು.

ರಾಜ್ಯದ ಕುಸ್ತಿಗೆ ಪೈಲವಾನನನ್ನು ಆರಿಸುವಾಗ ಜಕ್ಕಪ್ಪ ಕೂತು ನೋಡುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಾನೇ ಕೆಮ್ಮಣ್ಣಿಗೆ ಇಳಿಯುತ್ತಾನೆ. ಹುಡುಗರು ತುಟಿ ಬಿಚ್ಚದೆ ಒಬ್ಬೊಬ್ಬರಾಗಿ ಅವನ ಮೇಲೆ ಬೀಳಬೇಕು.

ಈ ಸಲ ಇದ್ದದ್ದು ಒಂದೇ ಜಾಗ. ಆಸೆಪಟ್ಟವರು ಇಬ್ಬರು: ಹಿಪ್ಪರಗಿಯ ಮಹಾಲಿಂಗಪ್ಪ, ಜಕ್ಕಪ್ಪನ ಮಗ ವೀರೇಶ.

ಗರಡಿ ಕಮಿಟಿಯ ಅಧ್ಯಕ್ಷ ಗಿರಿಮಲ್ಲಪ್ಪನವರು ತಮ್ಮ ಮನೆಯಿಂದಲೇ ತರಿಸಿದ ಕುರ್ಚಿಯಲ್ಲಿ ಕೂತು, "ನಿನ್ನ ಮಗನ ಹೆಸರು ಹೇಳಿಬಿಡೋ ಮಾರಾಯ. ಅಂವನ ಗಟ್ಟಿ ಅನ್ನೂದು ನನಗ ಕಣ್ಣಿಗೆ ಕಾಣತೈತಿ" ಎಂದರು.

"ಕಣ್ಣಿಗೆ ಮಗನ ಮ್ಯಾಲ ಆಸಿ ಇರತೈತ್ರಿ. ಎಲುಬಿಗೆ ಇರೂದಿಲ್ಲ" ಎಂದು ಜಕ್ಕಪ್ಪ ಬಟ್ಟೆ ಬಿಗಿದುಕೊಂಡ.

ಮೊದಲು ಬಂದವನು ಅವನನ್ನು ಅಂದವಾಗಿ ಎತ್ತಿ, ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಕೆಡವಿದ. ಎರಡನೆಯವನು ಕುತ್ತಿಗೆ ತಿರುಚಿ, ಮಂಡಿ ಊರಿ ಒಗೆದ. ಓಣಿಯ ಮಗ್ಗಗಳ ಸದ್ದಿನಲ್ಲೂ ಪಕ್ಕೆಲುಬು ಲಟಕ್ಕೆಂದದ್ದು ಕೇಳಿಸಿತು.

ಜಕ್ಕಪ್ಪ ರಕ್ತ ಉಗುಳಿ, "ಎರಡನೇದಾಂವ" ಎಂದ. ಬಟ್ಟೆ ಬಿಚ್ಚಿದರೆ ಎದುರಿಗೆ ಮಹಾಲಿಂಗಪ್ಪ.

ವೀರೇಶ ಕೆರಳಿದ. "ಅಪ್ಪ ಅದಿ ಅಂತ ಕೈ ಸಡಲ ಬಿಟ್ಟೇನಿ! ಇನ್ನೊಮ್ಮಿ ಬಾ, ತೋರಸ್ತೇನಿ!"

"ಬಾ ಲೇ."

ಈ ಸಲ ವೀರೇಶ ಅಪ್ಪನ ಮುಖಕ್ಕೆ ತಲೆಯಿಂದ ಗುದ್ದಿದ. ಮೂಗು ಒಡೆಯಿತು. ತೋಳು ಹಿಂದಕ್ಕೆ ತಿರುವಿ, ಇಡೀ ಮೈಭಾರ ಹಾಕಿ ನೆಲಕ್ಕೆ ಅಪ್ಪಳಿಸಿದ. ಭುಜದ ಎಲುಬು ಚರ್ಮ ಹರಿದು ಹೊರಗೆ ಇಣುಕಿತು. ಗಿರಿಮಲ್ಲಪ್ಪನವರು ಚಪ್ಪಾಳೆ ತಟ್ಟಲು ಎತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರು.

ಜಕ್ಕಪ್ಪ ಜೋತ ತೋಳು ಹಿಡಿದು ಎದ್ದು ಕೂತ. "ಮಹಾಲಿಂಗಪ್ಪ ಹೋಗತಾನ" ಎಂದ. ವೀರೇಶ ಮಣ್ಣಿನಲ್ಲೇ ಕೂತು ಅತ್ತ. ಜಾಗ ಹೋದದ್ದಕ್ಕೋ, ಅಪ್ಪನ ತೋಳಿಗೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮರುದಿನ ಜಮಖಂಡಿಯ ಆಸ್ಪತ್ರೆಗೆ ಎಳನೀರು ಹಿಡಿದು ಹೋದೆ. ನ್ಯಾಯದ ವಿಷಯದಲ್ಲಿ ನನಗೂ ನಾಲ್ಕು ಮಾತು ಗೊತ್ತೆಂಬ ಗತ್ತಿನಲ್ಲಿ ಕೇಳಿದೆ: "ಅಲ್ರಿ ಜಕ್ಕಪ್ಪ, ಮಹಾಲಿಂಗಪ್ಪ ಮುರಿದದ್ದು ಬರೇ ಪಕ್ಕೆಲುಬು. ವೀರೇಶ ಮುರಿದದ್ದು ದೊಡ್ಡ ಎಲುಬು. ಅವನಿಗೇ ಹೆಚ್ಚು ಮಾರ್ಕ್ಸ್ ಬರಬೇಕಲ್ರಿ?"

ಜಕ್ಕಪ್ಪ ಊದಿದ ತುಟಿಯಲ್ಲೇ ಹೇಳಿದ: "ಅಂವ ಸಿಟ್ಟಿಗೆದ್ದು ಮುರದಾನ್ರಿ. ಅವಂಗ ಸಿಟ್ಟು ಬರೂತನಕ ಎದುರಿನಾಂವ ಕಾಯಕೋತ ಕುಂದರತಾನೇನು?"