ಆನೆಮರಿ ಮಲಗಿದೆ ಅಂದೆ

ನನ್ನ ಯಜಮಾನರಿಗೆ ಆಫ್ರಿಕಾದ ಹುಲ್ಲುಗಾವಲು ನೋಡುವ ಆಸೆ ಹುಟ್ಟಿದ್ದು ಪುಣೆಯ ಹತ್ತಿರದ ಸುಪೆಯ ಬಯಲಿನಲ್ಲಿ. ಅವರು ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಪುಣೆಯ ಬಿಬವೇವಾಡಿಯಲ್ಲಿದ್ದ ನಮ್ಮ ಮನೆಯಿಂದ ಕಂಪನಿಯ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದೆ. ನಮಗೆ ಮಕ್ಕಳಿಲ್ಲ. ರಜೆ ಸಿಕ್ಕಿತೆಂದರೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸುಪೆಯ ಕಡೆ ಹೊರಡುವುದೇ. ಅಲ್ಲಿನ ಒಣ ಹುಲ್ಲಿನಲ್ಲಿ ಚಿಂಕಾರ ಎಂಬ ಸಣ್ಣ ಜಾತಿಯ ಜಿಂಕೆಗಳಿವೆ. ಒಂದು ಜಿಂಕೆ ಕಾಣಬೇಕಾದರೆ ಎರಡು ತಾಸು ಅಲುಗದೆ ಕೂರಬೇಕು. ನನಗೆ ಬೆನ್ನು ನೋಯುತ್ತಿತ್ತು. ಅವರು ಮಾತ್ರ ಊಟ ನೀರು ಮರೆತು ಕೂತಿರುತ್ತಿದ್ದರು. ಆಫ್ರಿಕಾದಲ್ಲಿ ಹೀಗೆ ಕಾಯಬೇಕಿಲ್ಲವಂತೆ, ಕಣ್ಣು ಹಾಯುವ ತನಕ ಪ್ರಾಣಿಗಳೇ ಅಂತೆ ಎಂದು ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಹೋಗೋಣ ಎಂದು ನಿಶ್ಚಯವಾಗಿತ್ತು.

ನಿವೃತ್ತಿಗೆ ಮೊದಲೇ ಕಾಚಬಿಂದು ಬಂತು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುವ ಈ ಕಾಯಿಲೆಯನ್ನು ಪುಣೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ನೋವಿಲ್ಲ, ಉರಿಯಿಲ್ಲ. ಗೊತ್ತಾಗುವಷ್ಟರಲ್ಲಿ ಎಡಗಣ್ಣು ಹೋಗಿತ್ತು. ಬಲಗಣ್ಣಿನ ಆಪರೇಷನ್ ಆದ ದಿನ ಅವರು ಪಟ್ಟಿ ಕಟ್ಟಿಸಿಕೊಂಡು ಒಳಗೆ ಮಲಗಿದ್ದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಒತ್ತಡವೇನೋ ಇಳಿಯುತ್ತದೆ, ಆದರೆ ಉಳಿದಿರುವ ನರ ತೀರ ಕಡಿಮೆ, ಒಂದು ವರ್ಷ ಕಂಡರೆ ಹೆಚ್ಚು ಎಂದರು. ಮನೆಯವರಿಗೆ ನೀವೇ ಸಮಯ ನೋಡಿ ಹೇಳುತ್ತೀರೋ, ನಾನು ಹೇಳಲೋ ಎಂದೂ ಕೇಳಿದರು. ನಾನೇ ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಅದಕ್ಕೆ ಕಾರಣವಿತ್ತು. ನನ್ನ ಮಾವನವರಿಗೂ ಇದೇ ಕಾಯಿಲೆ ಇತ್ತು. ಇಂಡಿ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ ಅವರಿಗೆ ಕಣ್ಣು ಪೂರ್ತಿ ಹೋದ ವರ್ಷವೇ, ಒಂದು ಮಧ್ಯಾಹ್ನ, ಅವರು ಬಾವಿಯಲ್ಲಿ ಸಿಕ್ಕಿದರು. ಕಾಲು ಜಾರಿತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳುವಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನಗೆ ಆ ಬಾವಿ ಕಣ್ಣ ಮುಂದೆಯೇ ಇತ್ತು.

ಹಾಗಾಗಿ ಯಜಮಾನರು ಗಂಟೆ ನೋಡಿ ದಿನಕ್ಕೆ ಮೂರು ಸಲ ಔಷಧದ ಹನಿ ಹಾಕಿಸಿಕೊಂಡರು. ಇದ್ದಷ್ಟು ದೃಷ್ಟಿ ಉಳಿಯುತ್ತದೆ ಎಂದು ನಂಬಿದರು. ಚಳಿಗಾಲದಲ್ಲಿ ಸೊಲ್ಲಾಪುರದಲ್ಲಿದ್ದ ಅವರ ಅಕ್ಕನಿಗೆ ಕಾಯಿಲೆಯಾಯಿತು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿದ ಅಕ್ಕ. ನೋಡಿ ಬರುತ್ತೇನೆ ಎಂದರು. ಧೂಳಿನಲ್ಲಿ ಪ್ರಯಾಣ ಬೇಡ, ಕಣ್ಣು ಸರಿಹೋಗಲಿ, ಆಮೇಲೆ ಎಷ್ಟು ದಿನ ಬೇಕಾದರೂ ಇದ್ದು ಬರೋಣ ಎಂದು ನಾನೇ ತಡೆದೆ. ಫೋನಿನಲ್ಲಿ ಅಕ್ಕನಿಗೂ ಹಾಗೇ ಹೇಳಿದರು. ಮೂರು ವಾರದಲ್ಲಿ ಅಕ್ಕ ತೀರಿಕೊಂಡರು. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾದ ಮೇಲೆ ಕೀನ್ಯಾಕ್ಕೆ ಹೋಗೋಣ ಎಂದು ನಾನೇ ಅವಸರ ಮಾಡಿದೆ. ಅವರಿಗೆ ಆಶ್ಚರ್ಯವಾಯಿತು, ಖುಷಿಯೂ ಆಯಿತು. ಪುಣೆಯದೇ ಗುಂಪು, ಅಡುಗೆಯವರು ಜೊತೆಗೇ ಬಂದಿದ್ದರಿಂದ ಅಲ್ಲಿಯೂ ಬೆಳಿಗ್ಗೆ ಅವಲಕ್ಕಿಯ ಪೋಹೆ, ಮಧ್ಯಾಹ್ನ ವರಣ ಭಾತ ಎಂಬ ತೊವ್ವೆ ಅನ್ನ. ನಮ್ಮ ವ್ಯಾನಿನಲ್ಲಿ ನಾವಿಬ್ಬರು, ಕೋಥರೂಡಿನ ಒಬ್ಬ ನಿವೃತ್ತ ಮಾಸ್ತರು, ಅವರ ಹೆಂಡತಿ. ಚಾಲಕ ಐವತ್ತು ದಾಟಿದ ಸ್ಥಳೀಯ. ನಮ್ಮ ಕಡೆಯ ಪ್ರವಾಸಿಗಳಿಂದ ಹೊರಡಿ, ನೋಡಿ ಎನ್ನುವ ‘ಚಲಾ’, ‘ಬಘಾ’ ಎಂಬ ಮರಾಠಿ ಮಾತುಗಳನ್ನು ಕಲಿತಿದ್ದ.

ವ್ಯಾನಿನ ಚಾವಣಿ ಮೇಲಕ್ಕೆ ಏಳುತ್ತಿತ್ತು. ನಿಂತುಕೊಂಡು ನೋಡಬೇಕು. ಯಜಮಾನರಿಗೆ ಆಗ ಕಾಣುತ್ತಿದ್ದದ್ದು ಬಳೆಯಷ್ಟು ಜಾಗ ಮಾತ್ರ. ಆ ಬಳೆಯೊಳಗೆ ಪ್ರಾಣಿ ಬರಬೇಕು. ನಾನು ಅವರ ಗದ್ದ ಹಿಡಿದು ಮುಖ ತಿರುಗಿಸುತ್ತಿದ್ದೆ. ಇನ್ನಷ್ಟು ಬಲಕ್ಕೆ, ಆ ಒಂಟಿ ಮರದ ಕೆಳಗೆ ಎನ್ನುತ್ತಿದ್ದೆ. ಅಷ್ಟರಲ್ಲಿ ಪ್ರಾಣಿ ಸರಿದುಬಿಡುತ್ತಿತ್ತು. ಜಿರಾಫೆಯ ಕುತ್ತಿಗೆ ಕಂಡರೆ ತಲೆ ಸಿಗುತ್ತಿರಲಿಲ್ಲ. ಮಾಸ್ತರರ ಹೆಂಡತಿ ಮೊದಲ ದಿನ ಪ್ರತಿ ಸಲವೂ ಕಾಕಾಗೆ ಕಾಣಿಸಿತೇ ಎಂದು ಕೇಳಿ ವ್ಯಾನು ನಿಲ್ಲಿಸಿದರು. ಎರಡನೆಯ ದಿನ ಕೇಳುವುದನ್ನು ಬಿಟ್ಟರು. ಅವರದೂ ತಪ್ಪಲ್ಲ.

ಹಾಗಾಗಿ ನಾನು ಹೇಳುತ್ತಾ ಹೋದೆ. ಹುಲ್ಲು ತೊಳೆದು ತೊಳೆದು ಬಣ್ಣ ಬಿಟ್ಟ ಅರಿಶಿನದ ಸೀರೆಯ ಹಾಗಿದೆ ಎಂದೆ. ಅಲ್ಲಿಯ ತನಕ ನಿಜವೇ. ಆಮೇಲೆ ಸೇರಿಸತೊಡಗಿದೆ. ದೂರದಲ್ಲಿ ಒಂದು ಸಿಂಹಿಣಿಯ ಬಾಲ ಅಲುಗಿದರೆ, ನಾಲ್ಕು ಮರಿ ಅದರ ಮೇಲೆ ಹತ್ತಿ ಆಡುತ್ತಿವೆ ಎಂದೆ. ಅವರು ನಗುತ್ತಿದ್ದರು. ಆ ನಗು ಕಂಡು ನನ್ನ ಸುಳ್ಳಿಗೆ ಧೈರ್ಯ ಬಂತು.

ಮೂರನೆಯ ಬೆಳಿಗ್ಗೆ ಒಂದು ಬತ್ತಿದ ಹೊಂಡದ ಹತ್ತಿರ ಚಾಲಕ ಎಂಜಿನ್ ಆರಿಸಿದ. ಮೂರು ಹೆಣ್ಣಾನೆಗಳು ನಿಂತಿದ್ದವು. ನಡುವೆ ಒಂದು ಮರಿ ಮಗ್ಗುಲಾಗಿ ಬಿದ್ದಿತ್ತು. ಹೊಟ್ಟೆ ಉಬ್ಬಿತ್ತು. ತಾಯಿ ಮುಂಗಾಲಿನಿಂದ ಅದನ್ನು ಮೆಲ್ಲಗೆ ದೂಡುತ್ತಿತ್ತು, ತುಸು ಬಿಟ್ಟು ಮತ್ತೆ ದೂಡುತ್ತಿತ್ತು. ಹಿಂದಿನ ಮರದ ತುಂಬ ರಣಹದ್ದುಗಳು. ಯಜಮಾನರು ಏನದು ಎಂದು ಕೇಳಿದರು. ಆನೆಗಳು ಎಂದೆ. ಮರಿ ಇದೆಯೇ ಎಂದು ಕೇಳಿದರು.

“ಅದ ರೀ. ಅವ್ವನ ನೆರಳಾಗ ಮಲಗೇದ,” ಎಂದೆ.

ಅವರು ಆ ಕಡೆ ಮುಖ ಮಾಡಿ ನಿಂತರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ವಾಸನೆ ನಮ್ಮ ಮೇಲೆ ಬಂತು. ಮಾಸ್ತರರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಾರ್ಖಾನೆಯಲ್ಲಿ ಯಾವ ಪೈಪು ಸೋರುತ್ತಿದೆ ಎಂದು ಮೂಗಿನಿಂದಲೇ ಹೇಳುತ್ತಿದ್ದ ಮನುಷ್ಯ ನನ್ನ ಯಜಮಾನರು. ನಾನು ಅದನ್ನು ಮರೆತಿದ್ದೆ.

“ಮರಿ ಸತ್ತದ,” ಎಂದರು.

ಅವರು ಹಿಡಿದಿದ್ದ ಕಂಬಿ ಬಿಟ್ಟು ಸೀಟಿನಲ್ಲಿ ಕೂತರು. ವ್ಯಾನು ಹೊರಟಿತು. ಆಮೇಲೆ ಎಷ್ಟೋ ಪ್ರಾಣಿ ಕಂಡವು, ಅವರು ಏಳಲಿಲ್ಲ.

ಮಧ್ಯಾಹ್ನ ಒಂದು ಅಗಲವಾದ ಮರದ ಕೆಳಗೆ ಊಟಕ್ಕೆ ಇಳಿಸಿದರು. ಮರದ ನೆರಳು ದಾಟಬೇಡಿ ಎಂದು ಚಾಲಕ ಎಲ್ಲರಿಗೂ ಎಚ್ಚರಿಸಿದ. ನಾವಿಬ್ಬರು ಉಳಿದವರಿಂದ ಸ್ವಲ್ಪ ದೂರ ಚಾಪೆಯ ಮೇಲೆ ಕೂತೆವು. ಅವರು ಡಬ್ಬಿ ತೆರೆಯಲಿಲ್ಲ.

“ಆಪರೇಷನ್ ದಿನ ಡಾಕ್ಟರ್ ನಿನಗ ಏನ್ ಹೇಳಿದ್ರು?” ಎಂದು ಕೇಳಿದರು. “ಖರೇ ಹೇಳು.”

ಇಷ್ಟು ತಿಂಗಳು ಕಾದಿಟ್ಟಿದ್ದ ಮಾತು ಒಂದೇ ಉಸಿರಿಗೆ ಹೊರಗೆ ಬಂತು. “ಇದೂ ಉಳಿಯಂಗಿಲ್ಲ ಅಂದ್ರು ರೀ. ಭಾಳ ಅಂದ್ರ ಒಂದು ವರ್ಷ.”

ಅವರು ಸಿಟ್ಟಾಗಲಿಲ್ಲ. “ಆಗ ಹೇಳಿದ್ದಿದ್ರ ನಾನು ಅಕ್ಕನ ಮಾರಿ ನೋಡಿ ಬರ್ತಿದ್ದೆ,” ಎಂದರು.

ಎದ್ದು ನಿಂತರು. ಕೈ ತೊಳೆಯಲು ಹೊರಟರು ಎಂದುಕೊಂಡೆ. ಅವರು ವ್ಯಾನಿನ ಕಡೆ ಹೋಗದೆ ನೆರಳು ದಾಟಿದರು, ಹುಲ್ಲಿಗೆ ಇಳಿದರು. ಕೋಲಿಲ್ಲ. ಎರಡು ಕೈ ಸ್ವಲ್ಪ ಮುಂದೆ ಚಾಚಿ, ನೆಟ್ಟಗೆ ನಡೆದರು. ಮೊಣಕಾಲಿನ ತನಕ ಹುಲ್ಲು. ನಾನು ಚಾಪೆಯ ಅಂಚು ಹಿಡಿದು ಕೂತೇ ಇದ್ದೆ. ಬಾವಿಯ ಕಡೆ ನಡೆದ ಮಾವನವರ ಬೆನ್ನನ್ನು ನಾನು ನೋಡಿರಲಿಲ್ಲ. ಆದರೆ ಅವತ್ತು ನೋಡುತ್ತಿರುವುದು ಅದನ್ನೇ ಎಂದು ಅನ್ನಿಸಿತು.

ಓಡಿದ್ದು ಚಾಲಕ. ಕೈಯಲ್ಲಿದ್ದ ತಟ್ಟೆ ಬಿಸಾಡಿ ಓಡಿದ. ಅವರನ್ನು ಮುಟ್ಟಿದ ಮೇಲೆ ಎಳೆಯಲಿಲ್ಲ, ಬೈಯಲಿಲ್ಲ. ಅವರ ಕೈಯನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು, ಸುತ್ತ ನೋಡುತ್ತಾ ಅವರ ಜೊತೆ ನಿಂತ. ಯಜಮಾನರ ಭುಜ ಅಲುಗುತ್ತಿದ್ದದ್ದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಆಮೇಲೆ ಇಬ್ಬರೂ ಮೆಲ್ಲಗೆ ತಿರುಗಿ ಬಂದರು. ಅವರನ್ನು ನನ್ನ ಪಕ್ಕ ಕೂರಿಸುವಾಗ ಚಾಲಕ ‘ಪೋಲೆ, ಪೋಲೆ’ ಎಂದ. ಅವರ ಭಾಷೆಯಲ್ಲಿ, ನಿಮಗೆ ಹೀಗಾಯಿತಲ್ಲ ಎಂದು ಮರುಗುವ ಮಾತು ಅದು ಎಂದು ಮಾಸ್ತರರು ಆಮೇಲೆ ತಿಳಿಸಿದರು.

ಎಲ್ಲಿಗೆ ಹೊರಟಿದ್ದಿರಿ ಎಂದು ಎರಡು ದಿನದ ನಂತರ ವಿಮಾನದಲ್ಲಿ ಕೇಳಿದೆ. ಎಲ್ಲಿಗೂ ಇಲ್ಲ, ಯಾರೂ ಹೇಳಿಕೊಡದೆ ಒಂದು ಸಲ ನೋಡಬೇಕಿತ್ತು ಎಂದರು. ಅದನ್ನು ನಂಬಬೇಕೋ ಬೇಡವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳು ಹೇಳುವ ಸರದಿ ಅವರದಾಗಿರಬಹುದು.

ಪುಣೆಗೆ ಬಂದ ಮೇಲೆ ಅವರಿಗೆ ಕಾಣುತ್ತಿದ್ದ ಆ ಬಳೆ ಉಂಗುರವಾಯಿತು. ಗಣಪತಿ ಹಬ್ಬ ಕಳೆದ ವಾರ ಒಂದು ಬೆಳಿಗ್ಗೆ, ಲೈಟು ಹಾಕು ಎಂದರು. ಕಿಟಕಿಯಲ್ಲಿ ಬಿಸಿಲಿತ್ತು. ಮೊದಲಾಗಿದ್ದರೆ ಕರೆಂಟು ಹೋಗಿದೆ ಎನ್ನುತ್ತಿದ್ದೆನೇನೋ, ಈ ಸಲ ಎನ್ನಲಿಲ್ಲ. ಬೆಳಕಾಗಿದೆ ಎಂದೆ. ಅವರು ಹೂಂ ಎಂದು ಮತ್ತೆ ಮಲಗಿದರು. ಅವತ್ತು ನಾನು ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿದೆ. ಸಂಜೆ ಅವರು ಬಾಗಿಲು ತಡವಿದರು. ಬೀಗ ಕೈಗೆ ಸಿಕ್ಕಿತು. ಹಿಂದೆ ಬಂದು ಕುರ್ಚಿಯಲ್ಲಿ ಕೂತರು. ಮರುದಿನ ನಾನೇ ಬೀಗ ತೆಗೆದು, ತೆಗೆದಿದ್ದೇನೆ ಎಂದು ಅವರಿಗೆ ಹೇಳಿದೆ.

ಅದಾಗಿ ಎರಡು ವರ್ಷವಾಯಿತು. ಜಗಳವಿಲ್ಲ. ಊಟ, ಔಷಧ, ಸಂಜೆಯ ನಡಿಗೆ ಎಲ್ಲ ನನ್ನ ತೋಳು ಹಿಡಿದೇ ಆಗುತ್ತದೆ. ಆದರೆ ಔಷಧದ ಅಂಗಡಿಯಲ್ಲಿ, ಬಾಟಲಿಯ ಮೇಲಿನ ಹೆಸರನ್ನು ನಾನು ಓದಿದ ಮೇಲೂ ಅಂಗಡಿಯವನಿಂದ ಇನ್ನೊಮ್ಮೆ ಓದಿಸುತ್ತಾರೆ. ರಿಕ್ಷಾದಲ್ಲಿ ಕೂತರೆ, ಎಲ್ಲಿಗೆ ಬಂದೆವು ಎಂದು ಪಕ್ಕದಲ್ಲಿರುವ ನನ್ನನ್ನು ಬಿಟ್ಟು ರಿಕ್ಷಾದವನನ್ನು ಮರಾಠಿಯಲ್ಲಿ ಕೇಳುತ್ತಾರೆ. ಮೊನ್ನೆ ಹಾಗೆ ಕೇಳಿದಾಗ ಅವನು ಮಾರ್ಕೆಟ್ ಯಾರ್ಡ್ ಎಂದ. ನಾನು ಹೊರಗೆ ನೋಡಿದೆ. ಹೌದು, ಮಾರ್ಕೆಟ್ ಯಾರ್ಡ್ ಎಂದೆ.